ಬಾಗಿಲ ಬಳ್ಳಿ

ಕಾಂಡದೊಳಗೆ ಬೂಷ್ಟು ಹಿಡಿದು ತೋಟದ ಹಳೇ ತಳಿಯ ದ್ರಾಕ್ಷಿಯೆಲ್ಲ ಒಣಗಿದರೂ, ಮದುವೆಯ ವರ್ಷ ಮಲಕಾಜಪ್ಪ ಬಾಗಿಲ ಮುಂದೆ ನೆಟ್ಟ ಅದೇ ತಳಿಯ ಬಳ್ಳಿಯೊಂದು ಮಾತ್ರ ನಳನಳಿಸುತ್ತಿತ್ತು. "ನಮ್ಮಿಬ್ಬರ ಬಳ್ಳಿ, ಅದಕ್ಕೇನಾಗತೈತಿ?" ಎಂದು ಅವನು ಊರೆಲ್ಲ ಹೇಳಿಕೊಂಡು ತಿರುಗಿದ. ಸುದ್ದಿ ಕೇಳಿದ ತಳಿ ಸಂಶೋಧನೆಯ ಮೇಡಂ ಅದರ ಕಡ್ಡಿ ಒಯ್ಯಲು ಬಂದಾಗ ಅವನ ಹೆಂಡತಿ ಗುರುಬಾಯಿ ಅವರನ್ನು ಪಕ್ಕಕ್ಕೆ ಕರೆದಳು.

"ಅದೂ ಬುಡದ ಮ್ಯಾಲೆಲ್ಲ ಒಣಗಿತ್ರೀ, ಮೇಡಂ. ಹೋದ ವರ್ಷ ಇವರು ಕಾಲು ಮುರಕೊಂಡು ದವಾಖಾನ್ಯಾಗ ಇದ್ದಾಗ ಬುಡಕ್ಕ ಕೊಯ್ಸಿ, ಈ ರೋಗಕ್ಕ ಬಗ್ಗದ ಬ್ಯಾರೆ ತಳಿ ಕಸಿ ಕಟ್ಟಿಸೀನಿ. ನಮ್ಮ ಮನಿಯವರಿಗೆ ಹೇಳಬ್ಯಾಡ್ರಿ, ಭಾಳ ನೊಂದ್ಕೋತಾರ."

ಮೇಡಂ ಕತ್ತರಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತ ನಕ್ಕರು.

"ಎಲಿ ನೋಡಿ ಅವರಿಗೆ ಆಗಲೇ ತಿಳದೈತಿ, ಅಕ್ಕಾರ. ನಿಮಗ ಹೇಳಬಾರದಂತ ಈಗಷ್ಟ ದಾರ್ಯಾಗ ನನ್ನ ಕಡಿಂದ ಆಣಿ ಮಾಡಿಸ್ಕೊಂಡ್ರು."