ದೆವ್ವದಕ್ಕ ಕಿರುಚಲಿಲ್ಲ

"ಕಿರುಚಲ್ಲ" ಎಂದು ದೆವ್ವದಕ್ಕ ಹೆಡ್‌ಫೋನ್ ತೆಗೆದು ಮೈಕಿನ ಸ್ಟ್ಯಾಂಡಿಗೆ ನೇತುಹಾಕಿದಳು.

ಗಾಜಿನ ಆಚೆ ಕುಳಿತಿದ್ದ ನಿರ್ದೇಶಕನೂ ಸೌಂಡ್ ಇಂಜಿನಿಯರೂ ಮುಖ ಮುಖ ನೋಡಿಕೊಂಡರು. ಕಿರುಚುವುದೇ ಕಸುಬಾದವಳು ಕಿರುಚಲ್ಲ ಅಂದರೆ ಏನರ್ಥ? ಪರದೆಯ ಮೇಲೆ ಕೂದಲು ಕೆದರಿದ ದೆವ್ವವೊಂದು ಏಳು ವರ್ಷದ ಹುಡುಗಿಯ ಕುತ್ತಿಗೆಗೆ ಕೈ ಹಾಕಿ, ಬಾಯಿ ಅಗಲಿಸಿಕೊಂಡು ನಿಂತುಬಿಟ್ಟಿತ್ತು. ಆ ಬಾಯಿಗೆ ಇನ್ನೂ ಸದ್ದಿರಲಿಲ್ಲ. ಸಿನಿಮಾದ ಮೊದಲ ಭಾಗದಿಂದಲೂ ಅದಕ್ಕೆ ಸದ್ದು ಕೊಟ್ಟವಳು ಇವಳೇ. ಡಬ್ಬಿಂಗ್ ಥಿಯೇಟರಿನಲ್ಲಿ ದೆವ್ವದಕ್ಕ ಎಂಬ ಹೆಸರು ಅಂಟಿಕೊಂಡದ್ದೂ ಹಾಗೆಯೇ. ಹೆತ್ತವರು ಇಟ್ಟ ಹೆಸರು ಅಲ್ಲಿ ಯಾರಿಗೂ ನೆನಪಿರಲಿಲ್ಲ. ಅವಳಿಗೆ ಅದರ ಬಗ್ಗೆ ಬೇಸರವೂ ಇರಲಿಲ್ಲ.

"ಗಂಟಲು ಕೈಕೊಡ್ತಾ ಅಕ್ಕ? ಬಿಸಿನೀರು ತರಿಸ್ಲಾ?" ಎಂದು ಇಂಜಿನಿಯರ್ ಅಲ್ಲಿಂದಲೇ ಕೇಳಿದ.

"ಗಂಟಲು ನೆಟ್ಟಗಿದೆ. ಕಥೆ ನೆಟ್ಟಗಿಲ್ಲ."

ನಿರ್ದೇಶಕ ಬಾಗಿಲು ತಳ್ಳಿಕೊಂಡು ಒಳಗೆ ಬಂದ. ಮೂರು ಭಾಗಗಳನ್ನೂ ಮಾಡಿದವನು ಅವನೇ. ಮೊದಲನೆಯದನ್ನು ಮಾಡುವಾಗ ಅವನ ಹತ್ತಿರ ಇದ್ದದ್ದು ಬರೀ ಕಥೆ. ಈಗ ಕಥೆಯೊಂದನ್ನು ಬಿಟ್ಟು ಉಳಿದೆಲ್ಲ ಇತ್ತು.

"ಅಕ್ಕ, ರಿಲೀಸ್ ತಲೆ ಮೇಲೆ ಕೂತಿದೆ. ತಮಾಷೆ ಬೇಡ."

"ತಮಾಷೆ ಮಾಡ್ತಿರೋದು ನೀನು. ಪರದೆ ಮೇಲಿರೋ ಇವಳು ಸತ್ತಿದ್ದೇ ತನ್ನ ಈ ಮಗುನ ಬೆಂಕಿಯಿಂದ ಉಳಿಸೋಕೆ ಹೋಗಿ. ಮನೆಗೆ ಬೆಂಕಿ ಇಟ್ಟೋರನ್ನೆಲ್ಲ ಮುಗಿಸಿ, ಮಗುನ ತನ್ನ ತಂಗಿ ಮಡಿಲಿಗೆ ಹಾಕಿ, ಇನ್ನು ಬರಲ್ಲ ಅಂತ ಹೇಳಿ ಹೋದ್ಲು. ನೀನು ಎರಡನೇ ಭಾಗಕ್ಕೆ ಎಳ್ಕೊಂಡು ಬಂದೆ. ಯಾರೋ ಆ ಮನೆ ಕೆಡವಿ ಹೋಟೆಲ್ ಕಟ್ತಾರಂತೆ, ಇವಳಿಗೆ ಕೋಪ ಬಂತಂತೆ. ಹಾಳಾಗಿ ಹೋಗ್ಲಿ ಅಂತ ನಾನೂ ಕಿರುಚಿದೆ. ಈಗ ಅದೇ ಮಗು ಕುತ್ತಿಗೆ ಹಿಸುಕ್ತಾಳೆ ಅಂದ್ರೆ? ಯಾಕೆ ಹಿಸುಕ್ತಾಳೆ, ಹೇಳು."

"ದೆವ್ವ ಅಕ್ಕ ಅದು. ದೆವ್ವಕ್ಕೆಂಥ ಲಾಜಿಕ್ಕು!"

"ದೆವ್ವ ಇಲ್ಲ ಅಂತ ನಂಗೂ ಗೊತ್ತು, ನಿಂಗೂ ಗೊತ್ತು. ತಾಯಿ ಇದ್ದಾಳಲ್ಲ?"

ನಿರ್ದೇಶಕನಿಗೆ ರೇಗಿತು. "ಧಾರಾವಾಹಿಗೆ ದಿನಾ ದನಿ ಕೊಡ್ತೀರಲ್ಲ, ಅಲ್ಲೇನು ಕಥೆ ನೆಟ್ಟಗಿರುತ್ತಾ? ನಿಮ್ಮ ಅತ್ತೆ ಪಾತ್ರದೋಳು ಒಂದು ವಾರ ಸೊಸೆಗೆ ವಿಷ ಹಾಕ್ತಾಳೆ, ಮುಂದಿನ ವಾರ ತಬ್ಕೊಂಡು ಅಳ್ತಾಳೆ. ಅದಕ್ಕೆಲ್ಲ ಬಾಯಿ ಮುಚ್ಕೊಂಡು ದನಿ ಕೊಟ್ರಿ."

"ಬಾಯಿ ಮುಚ್ಕೊಂಡು ದನಿ ಕೊಡೋಕಾಗಲ್ಲ ಕಣೋ. ಅಲ್ಲೂ ಜಗಳ ಆಡಿದೀನಿ. ಧಾರಾವಾಹಿ ಅಂದ್ಮೇಲೆ ಒಂದು ದಿನ ಓಡುತ್ತೆ, ನಾಲ್ಕು ದಿನ ಕುಂಟುತ್ತೆ. ಅದನ್ನ ಸಹಿಸ್ಕೋಬಹುದು. ಆದ್ರೆ ಆ ಅತ್ತೆ ಬದಲಾಗೋಕೆ ಮುಂಚೆ ಒಂದು ಸೀನ್ ಬರೆದ್ರು. ಅಡುಗೆಮನೇಲಿ ಒಬ್ಬಳೇ ನಿಂತು ಆ ವಿಷದ ಲೋಟನ ತಿಕ್ಕಿ ತಿಕ್ಕಿ ತೊಳೀತಾಳೆ. ಮಾತೇ ಇಲ್ಲ. ನಂಗೆ ಅಷ್ಟು ಸಾಕಾಯ್ತು. ನೀನೂ ಅಂಥದೊಂದು ಸೀನ್ ಕೊಡು. ಸೀನ್ ಬೇಡ, ಒಂದು ಮಾತು ಕೊಡು. ಗಂಟಲು ಹರ್ಕೊಂಡು ಕಿರುಚ್ತೀನಿ."

"ಶೂಟಿಂಗ್ ಮುಗಿದು ಎಲ್ಲಾ ಎದ್ದು ಹೋಗಿದ್ದಾರೆ. ಎಲ್ಲಿಂದ ತರ್ಲಿ?"

"ಹಾಗಾದ್ರೆ ಕಿರುಚೋಳನ್ನೂ ಎಲ್ಲಿಂದಾದ್ರೂ ತಗೊಂಡು ಬಾ."

ಅವನು ದನಿ ತಗ್ಗಿಸಿದ. "ನೋಡಿ ಅಕ್ಕ, ಆ ಧಾರಾವಾಹಿಗೂ ಇದಕ್ಕೂ ನಿರ್ಮಾಪಕರು ಒಬ್ಬರೇ. ಇವತ್ತು ಎದ್ದು ಹೋದ್ರೆ ನಾಳೆ ಅಲ್ಲೂ ಕರೆಯಲ್ಲ. ಈ ವಯಸ್ಸಿನ ದನಿಗೆ ಬೇರೆ ಯಾರು ಕೆಲಸ ಕೊಡ್ತಾರೆ, ನೀವೇ ಹೇಳಿ."

ಮಾತು ಸುಳ್ಳಲ್ಲ. ನಾಯಕಿಯರ ಪಾತ್ರಗಳೆಲ್ಲ ಅವಳ ಕೈಬಿಟ್ಟು ಬಹಳ ಕಾಲವಾಗಿತ್ತು. ಉಳಿದದ್ದು ಒಬ್ಬಳು ಅತ್ತೆ, ಒಂದು ದೆವ್ವ. ಎರಡನ್ನೂ ಕಳೆದುಕೊಂಡರೆ ಇಷ್ಟು ವರ್ಷ ಬಾಯಿ ತೆರೆದು ಬದುಕಿದವಳು ಮನೆಯಲ್ಲಿ ತೆಪ್ಪಗೆ ಕೂರಬೇಕು. ಅವಳಿಗೆ ಹೆದರಿಕೆಯಾಯಿತು. ಎಷ್ಟೋ ಜನರನ್ನು ಹೆದರಿಸಿದವಳಿಗೆ ನಿಜವಾಗಿಯೂ ಹೆದರಿಕೆಯಾಯಿತು. ಆದರೂ ಬ್ಯಾಗನ್ನು ಹೆಗಲಿಗೆ ಏರಿಸಿಕೊಂಡಳು.

"ಹೋಗಿ" ಎಂದ ನಿರ್ದೇಶಕ, ಮುಖ ಕೆಂಪಗೆ ಮಾಡಿಕೊಂಡು. "ಮೊದಲ ಭಾಗದ ಕೂಗು ನಮ್ಮ ಹತ್ರ ಹಾಗೇ ಇದೆ. ಅದನ್ನೇ ಹಾಕ್ತೀವಿ. ನೀವು ಬೇಕಾಗೇ ಇಲ್ಲ."

"ಹಾಕು. ಕೇಳ್ಕೊಂಡೇ ಹೋಗ್ತೀನಿ."

ಇಂಜಿನಿಯರ್ ಕಂಪ್ಯೂಟರಿನಲ್ಲಿ ತಡಕಾಡಿ ಅದನ್ನು ಹೊರಗೆ ತೆಗೆದ, ಹೊಸ ದೃಶ್ಯಕ್ಕೆ ಜೋಡಿಸಿದ, ತುಟಿಗೆ ಹೊಂದಿಸಿದ. ಅದು ಬೆಂಕಿಯ ದೃಶ್ಯದ ಕೂಗು. ಅದನ್ನು ಕೂಗಿಸಿದ ದಿನ ಇದೇ ನಿರ್ದೇಶಕ, ಆಗಿನ್ನೂ ಸಣಕಲ, ಮೈಕಿನ ಪಕ್ಕ ನೆಲದ ಮೇಲೆ ಕುಳಿತು ಹೇಳಿಕೊಟ್ಟಿದ್ದ: "ಅಕ್ಕ, ಜನರನ್ನ ಹೆದರಿಸೋದು ಬೇಡ. ನಿಮ್ಮ ಮಗು ಒಳಗಿದೆ. ಅಷ್ಟೇ ನೆನಪಿಟ್ಕೊಳ್ಳಿ."

ದೀಪ ಆರಿತು. ಪರದೆಯ ಮೇಲೆ ಕೈಗಳು ಹುಡುಗಿಯ ಕುತ್ತಿಗೆಯನ್ನು ಬಿಗಿದವು, ದೆವ್ವದ ಬಾಯಿ ತೆರೆಯಿತು, ಸ್ಪೀಕರಿನಿಂದ ಕೂಗು ಬಂತು. ತುಟಿಗೆ ಚೆನ್ನಾಗಿಯೇ ಹೊಂದಿತ್ತು. ಆದರೆ ಅದು ಕೊಲ್ಲುವವಳ ಕೂಗಾಗಿರಲಿಲ್ಲ. ಯಾರಾದರೂ ಬನ್ನಿ, ಈ ಕೈಗಳನ್ನು ಬಿಡಿಸಿ, ನನ್ನ ಮಗುವನ್ನು ಉಳಿಸಿ ಎಂದು ಒಬ್ಬ ತಾಯಿ ಅಂಗಲಾಚುತ್ತಿದ್ದಳು.

ಇಂಜಿನಿಯರ್ ಯಾರೂ ಹೇಳದೆಯೇ ಅದನ್ನು ನಿಲ್ಲಿಸಿಬಿಟ್ಟ. ನಿರ್ದೇಶಕ ಪರದೆಯಿಂದ ಕಣ್ಣು ತೆಗೆಯಲಿಲ್ಲ. ತೋಳಿನ ಮೇಲೆ ಎದ್ದ ರೋಮವನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡಿದ್ದ.

ದೆವ್ವದಕ್ಕ ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟಳು. "ಕೇಳಿಸ್ತೇನೋ? ನಿನ್ನ ದೆವ್ವಕ್ಕೂ ಈ ಕಥೆ ಒಪ್ಪಿಗೆ ಇಲ್ವಂತೆ."