ಓಲೈಕೆಯ ನಿಯಮ

ಬೀಗ ತೆಗೆಯುವ, ಗಾಯಕ್ಕೆ ಮದ್ದು ಕಟ್ಟುವ ಕೌಶಲಗಳ ನಿಯಮಗಳನ್ನು ಟೈಪ್ ಮಾಡಿ ಮುಗಿಸಿ ಅವಳು ಓಲೈಕೆಗೆ, ಅಂದರೆ ಎದುರಿನ ಪಾತ್ರವನ್ನು ಮಾತಿನಲ್ಲೇ ಒಪ್ಪಿಸುವ ಕೌಶಲಕ್ಕೆ, ಬಂದಳು. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಹಾಕಿ ಆಡುವ ಭಾನುವಾರದ ಪಾತ್ರದಾಟಕ್ಕೆ ಗಂಡ, ಅವನ ಗೆಳೆಯರು ಸೇರಿ ಮನೆಯಲ್ಲೇ ಕಟ್ಟಿದ ನಿಯಮಗಳಿವು. ಇವತ್ತು ಅವು ಬೇರೆ ಊರುಗಳಲ್ಲಿ ಇದೇ ಆಟ ಆಡುವ ಹನ್ನೆರಡು ತಂಡಗಳಿಗೆ ಹೋಗಬೇಕಿತ್ತು. ಗಂಡ ಬರೆದಿದ್ದ: "ಇಪ್ಪತ್ತು ಮುಖದ ದಾಳದಲ್ಲಿ ಹದಿನೈದು ದಾಟಿದರೆ ಎದುರಿನ ಪಾತ್ರ ಒಪ್ಪಲೇಬೇಕು."

ಕಳೆದ ವಾರ ಅವನ ಗೆಳೆಯ ಹದಿನೇಳು ಹಾಕಿ, ನಾದಿನಿ ಆಡುತ್ತಿದ್ದ ವೈದ್ಯೆಯ ಪಾತ್ರಕ್ಕೆ, "ಬಾ, ನನ್ನ ತೊಡೆ ಮೇಲೆ ಕೂತ್ಕೋ. ನಿಯಮ ಅಂದ್ರೆ ನಿಯಮ!" ಎಂದಿದ್ದ. ಮೇಜಿನ ಸುತ್ತ ನಗುವೋ ನಗು. ನಾದಿನಿಯೂ ನಕ್ಕಿದ್ದಳು. ಮೇಜಿನ ಕೆಳಗೆ ಮಾತ್ರ ಅವಳ ತಣ್ಣನೆಯ ಕೈ ಅತ್ತಿಗೆಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು.

"ಇನ್ನೂ ಆಗ್ಲಿಲ್ವೇನೇ? ಎಲ್ರೂ ಬಾಯಿ ಬಿಟ್ಕೊಂಡು ಕಾಯ್ತಿದ್ದಾರೆ," ಎನ್ನುತ್ತ ಗಂಡ ಬೆನ್ನ ಹಿಂದೆ ಬಂದು ನಿಂತ.

"ಕಳಿಸಿಬಿಡಿ ಅತ್ತಿಗೆ, ಆಟ ತಾನೇ," ಎಂದಳು ಬಾಗಿಲಲ್ಲಿದ್ದ ನಾದಿನಿ. "ನಾನಂತೂ ಇನ್ಮೇಲೆ ಆಡಲ್ಲ."

"ಇವಳಿಗೆ ಮೂಗಿನ ತುದೀಲೇ ಕೋಪ!" ಗಂಡ ನಗುತ್ತಾ ಒಳಗೆ ಹೋದ.

ಅವಳು ಗಂಡ ಬರೆದಿದ್ದ ಆ ಸಾಲನ್ನು ಅಳಿಸಿದಳು. ಅದರ ಜಾಗದಲ್ಲಿ, ಮೊದಲಿನಿಂದಲೂ ಇದ್ದಂತೆ, ಅದೇ ಅಕ್ಷರದಲ್ಲಿ ಬರೆದಳು: "ಎದುರಿನವರು ಬೇಡವೆಂದರೆ ದಾಳ ಎಸೆಯುವಂತಿಲ್ಲ." ಹನ್ನೆರಡು ತಂಡಗಳಿಗೂ ಕಳಿಸಿದಳು.

"ಹೋಯ್ತಾ?" ಒಳಗಿನಿಂದ ಗಂಡ ಕೂಗಿದ.

"ಹೂಂ ರೀ, ಹೋಯ್ತು."