ಮೌಲಾಲಿಯ ಪುಸ್ತಕ

ಮೌಲಾಲಿಯ ಟೇಲರ್ ಅಂಗಡಿಯ ಮುಂದೆ ಮತ್ತೆ ಗುಂಪು ಸೇರಿತ್ತು. ಹಣಮಂತ್ರಾಯ ಗಾಡಿ ನಿಲ್ಲಿಸಿ ನೋಡಿದ. ಹೊಟ್ಟೆಗೆ ಬೆಂಕಿ ಬಿತ್ತು.

ಹೈಸ್ಕೂಲಿನ ದೊಡ್ಡ ಟೀಚರ್ ದುರ್ಗಾದೇವಿ ಒಂದು ಕೈಯಲ್ಲಿ ಮೌಲಾಲಿಯ ಕೈ ಹಿಡಿದು, ಇನ್ನೊಂದರಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಏನ್ ಬರದೀಯೋ ಪುಣ್ಯಾತ್ಮ! ನಗಿಸಿ ನಗಿಸಿ ಕಡೀಕ ಅಳಿಸೇಬಿಟ್ಟಿ."

"ನಾ ಬರದಿಲ್ರೀ ಅಕ್ಕಾರ," ಎಂದ ಮೌಲಾಲಿ, ಕೊರಳಲ್ಲಿ ಟೇಪು ನೇತುಹಾಕಿಕೊಂಡು.

"ಬರದವ್ರೆಲ್ಲಾ ಹಿಂಗೇ ಅಂತಾರ."

ಗುಂಪು ನಕ್ಕಿತು. ಮೌಲಾಲಿ ದೂರದಲ್ಲಿ ನಿಂತಿದ್ದ ಹಣಮಂತ್ರಾಯನನ್ನು ಕಂಡು ತಾನೂ ನಕ್ಕ. ಇಬ್ಬರೂ ಶಾಲೆಯಲ್ಲಿ ಒಂದೇ ಬೆಂಚಿನವರು. ಹಣಮಂತ್ರಾಯ ಮುಖ ತಿರುಗಿಸಿ ಗಾಡಿಯ ಕಿಕ್ ಒದ್ದ.

ಆ ಪುಸ್ತಕ ಯುಗಾದಿಯ ಹೊತ್ತಿಗೆ ಬಂದಿತ್ತು. ಗಂಡಸರ ಮೇಲೆ ಮನಸ್ಸಾಗುವ ಗಂಡುಹುಡುಗನೊಬ್ಬ ಇದೇ ಸುರಪುರದ ಓಣಿಯಲ್ಲಿ ಬೆಳೆದ ಆತ್ಮಕಥೆ, ಅವನ ಮನೆಯವರ ಫಜೀತಿಗಳ ಸಮೇತ. ಲೇಖಕನ ಜಾಗದಲ್ಲಿ 'ಫಕೀರ' ಎಂದಷ್ಟೇ ಇತ್ತು. ಊರಿಗೆ ಅಷ್ಟು ಸಾಕಾಯಿತು. ಪುಸ್ತಕದ ಹುಡುಗ ಮೊಹರಮ್ಮಿನಲ್ಲಿ ಹಸಿರು ಅಂಗಿ ತೊಟ್ಟು ಫಕೀರನಾಗುತ್ತಾನೆ. ಟೇಲರನ ಮಷೀನಿನ ಕೆಳಗೆ ಕೂತು ಬಣ್ಣಬಣ್ಣದ ಚಿಂದಿ ಆರಿಸಿಕೊಳ್ಳುತ್ತಾನೆ. ಮೌಲಾಲಿ ಮುಸಲ್ಮಾನ, ಟೇಲರನ ಮಗ, ನಲವತ್ತು ದಾಟಿದರೂ ಲಗ್ನವಾಗದವನು. ಇನ್ನೇನು ಬೇಕು? ಹರಕೆ ಹೊತ್ತು ಮಕ್ಕಳನ್ನು ಫಕೀರ ಮಾಡುವುದರಲ್ಲಿ ಈ ಊರಿನ ಹಿಂದೂ ಮನೆಗಳೂ ಹಿಂದೆ ಬಿದ್ದಿಲ್ಲ ಎಂಬುದು ಆ ಭರದಲ್ಲಿ ಯಾರಿಗೂ ನೆನಪಾಗಲಿಲ್ಲ.

ಎಲ್ಲರೂ ಮುದ್ದು ಮಾಡಿದರೆಂದಲ್ಲ. ತಾಯಪ್ಪ ಸಾಹುಕಾರ ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ಮಾತಿಲ್ಲದೆ ವಾಪಸು ಒಯ್ದ. ಯಾರೋ ಶಟರಿನ ಮೇಲೆ ಹೊಲಸು ಬರೆದರು. ಮೌಲಾಲಿ ಅದನ್ನು ಸೀಮೆಎಣ್ಣೆಯಲ್ಲಿ ಒರೆಸಿ ಮಷೀನು ತುಳಿಯಲು ಕೂತ. ಮರುದಿನ ದುರ್ಗಾದೇವಿ ಓಣಿಯ ಹೆಂಗಸರ ಜಂಪರಿನ ಬಟ್ಟೆಯನ್ನೆಲ್ಲ ಕೂಡಿಸಿ ತಂದು ಅವನ ಮುಂದೆ ಸುರಿದಳು. ಶಟರಿನ ಬರಹ ಕಂಡಾಗ ಹಣಮಂತ್ರಾಯ ಗಾಡಿ ತಿರುಗಿಸಿ ಬೇರೆ ದಾರಿ ಹಿಡಿದಿದ್ದ. ಜಂಪರಿನ ರಾಶಿ ಕಂಡಾಗ ಅವನ ಹೊಟ್ಟೆ ಉರಿಯಿತು.

ಉರಿಯದೇ ಇದ್ದೀತೆ? ಅವನು ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ಮೇಲಾಗಿ ಕವಿ. ಎರಡು ಸಂಕಲನಗಳು ಅಚ್ಚಾಗಿ ಬಂದು ಮಂಚದ ಕೆಳಗೆ ಮಲಗಿದ್ದವು. ಸಾಹಿತ್ಯವೇ ನನ್ನ ಸಂಸಾರ ಎಂದು ಬಂದ ಸಂಬಂಧಗಳನ್ನೆಲ್ಲ ತಿರುಗಿಸಿ ಕಳಿಸಿದ್ದ. ಅಂಥವನಿಗೆ ಊರು ಕರೆದು ಒಂದು ಕಪ್ ಚಹಾ ಕುಡಿಸಿರಲಿಲ್ಲ. ಈಗ ಊರಿನ ಓದುಗರೆಲ್ಲ ಒಬ್ಬ ಟೇಲರನ ಪಾಲಾಗಿದ್ದರು.

ಓದುಗರು ಹೋದರೆ ಹೋಗಲಿ ಅನ್ನಬಹುದಿತ್ತು. ಅವ್ವನೂ ಹೋಗಿದ್ದಳು.

ಅವ್ವ ಮುದುಕಮ್ಮನಿಗೆ ಓದು ಬಾರದು. ಪಕ್ಕದ ಮನೆಯ ತಸ್ಲೀಮಾ ಸಂಜೆ ಕಟ್ಟೆಯ ಮೇಲೆ ಕೂತು ಪುಸ್ತಕ ಓದಿ ಹೇಳುತ್ತಿದ್ದಳು. ಹಣಮಂತ್ರಾಯ ಒಳಗೆ ಉತ್ತರಪತ್ರಿಕೆ ಮುಂದಿಟ್ಟುಕೊಂಡು ಕಿವಿಯನ್ನು ಹೊರಗಿಡುತ್ತಿದ್ದ. ಅವನ ಕವಿತೆ ಕೇಳಿದರೆ ಆಕಳಿಸುವ ಅವ್ವ ಇಲ್ಲಿ ಬಿದ್ದು ಬಿದ್ದು ನಗುತ್ತಿದ್ದಳು. ಕಾಲೇಜಿಗೆ ಹೋಗುವ ಮಗ ಗಂಡಸಿನ ಹಾಗಾಗಲಿ ಎಂದು ಅಪ್ಪ ಗರಡಿಮನೆಗೆ ಸೇರಿಸುತ್ತಾನೆ. ಮಗ ಪೈಲ್ವಾನರನ್ನು ನೋಡುವ ಆಸೆಗೆ ಒಂದು ದಿನವೂ ತಪ್ಪಿಸುವುದಿಲ್ಲ. ಮಗ ಸುಧಾರಿಸಿದನೆಂದು ಅಪ್ಪ ಓಣಿಗೆಲ್ಲ ಪೇಡೆ ಹಂಚುತ್ತಾನೆ. ಆ ಭಾಗ ಕೇಳುವಾಗ ಅವ್ವನಿಗೆ ಕೆಮ್ಮು ಬಂದು ನೀರು ಕುಡಿಸಬೇಕಾಯಿತು.

ಸೌಟಿನ ಪ್ರಸಂಗ ಬಂದಾಗ ಮಾತ್ರ ಅವಳು ನಗಲಿಲ್ಲ. ಹುಡುಗ ತಾಯಿಯ ಇಳಕಲ್ ಸೀರೆ ಸುತ್ತಿಕೊಂಡು ಕನ್ನಡಿ ಮುಂದೆ ನಿಂತಿರುತ್ತಾನೆ. ತಾಯಿ ಸೌಟು ಮುರಿಯುವ ಹಾಗೆ ಬಾರಿಸುತ್ತಾಳೆ. ಆಮೇಲೆ ತಾನೇ ಅತ್ತು, ಸಿಹಿ ಮಾದಲಿ ಕಲಸಿ ಕೈತುತ್ತು ಕೊಡುತ್ತಾಳೆ.

"ಇನ್ನೊಮ್ಮೆ ಓದವಾ," ಎಂದಳು ಅವ್ವ.

ತಸ್ಲೀಮಾ ಮತ್ತೆ ಓದಿದಳು. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಆಕಿ ಹೊಡೀಬಾರದಿತ್ತು."

ಒಳಗೆ ಹಣಮಂತ್ರಾಯನ ಕೆಂಪು ಪೆನ್ನು ನಿಂತಿತು.

"ಹಣಮಂತಾ, ನಾಳಿ ಮೌಲಾಲೀನ ಊಟಕ್ಕ ಕರಿ," ಅವ್ವ ಕೂಗಿ ಹೇಳಿದಳು. "ತಾಯಿಲ್ಲದ ಹುಡುಗ. ಊರವ್ರು ಬಾಯಿಗೆ ಬಂದಂಗ ಅಂದ್ರೂ ಸಹಿಸ್ಯಾನ. ಮಾದಲಿ ಮಾಡ್ತೀನಿ."

"ನನಗ ಮಾದಲಿ ಮಾಡಿ ಎಷ್ಟು ವರ್ಷ ಆತು?"

"ನೀ ಎಂದರ ಬಾಯಿ ಬಿಟ್ಟು ಕೇಳೀಯೇನು?"

ಮರುದಿನ ಮೌಲಾಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಅವ್ವ ಅವನ ತಲೆ ಸವರಿದಳು. ನಿಧಾನವಾಗಿ, ಎರಡೆರಡು ಸಲ. ಹಣಮಂತ್ರಾಯ ರೊಟ್ಟಿ ಮುರಿಯುತ್ತಾ ಅವಳ ಕೈಯನ್ನೇ ನೋಡಿದ. ಆ ಕೈ ತನ್ನ ತಲೆಯ ಮೇಲಿರಬೇಕಿತ್ತು. ಅದೊಂದನ್ನು ಬಿಟ್ಟು ಅವನಿಗೆ ಬೇರೇನೂ ಬೇಕಾಗಿರಲಿಲ್ಲ.

"ಬಾಳ ತ್ರಾಸ ಆತೇನಪಾ?" ಎಂದಳು ಅವ್ವ.

"ನನಗೇನ್ ತ್ರಾಸ ಬಿಡ್ರಿ ಯವ್ವಾ. ಬರದವಗ ಎಷ್ಟ್ ಆಗಿತ್ತೋ," ಎಂದು ಮೌಲಾಲಿ ಪಲ್ಯಕ್ಕೆ ಕೈ ಹಾಕಿದ.

"ಇನ್ನೂ ನಾಟಕ," ಎಂದು ಅವ್ವ ನಕ್ಕಳು.

ಹಣಮಂತ್ರಾಯನಿಗೆ ತಡೆಯಲಾಗಲಿಲ್ಲ.

"ಅದೆಲ್ಲಾ ಕಟ್ಟಿದ ಕತಿ ಇರಬೇಕವ್ವ. ನೀ ಸುಮ್ನ ಅಳ್ತಿ. ಯಾ ತಾಯಿ ಹಂಗ ಹೊಡದಾಳ, ಯಾ ತಾಯಿ ಹಂಗ ಉಣಸ್ಯಾಳ?"

ಅವನ ದನಿ ಅವನಿಗೇ ಒರಟಾಗಿ ಕೇಳಿಸಿತು. ಮೌಲಾಲಿ ತಲೆ ತಗ್ಗಿಸಿದ. ಅವ್ವ ಎದ್ದು ಒಳಗೆ ಹೋಗಿ ಮಾದಲಿಯ ಬೋಗುಣಿ ತಂದಳು. ತುಪ್ಪ ಸುರಿದು, ಹಾಲು ಬಿಟ್ಟು ಕಲಸಿದಳು. ಮೌಲಾಲಿಯ ತಾಟು ದಾಟಿ ಬಂದು ಮಗನ ಮುಂದೆ ಮೊಳಕಾಲೂರಿದಳು. ಮೊದಲ ತುತ್ತನ್ನು ಅವನ ಬಾಯಿಗೆ ಹಿಡಿದಳು.

"ಕತಿ ಅಲ್ಲ. ಆದ್ರ ಒಂದು ತಪ್ಪು ಬರದೀ ಮಗಾ," ಎಂದಳು. "ಆವತ್ತು ನಿನಗ ಹೊಡದದ್ದು ಸೌಟಿಲೆ ಅಲ್ಲ, ಊದಗೊಳವಿಲೆ."